ಹೋವಾ ಬಟ್ಟಲು: ಆಡಲೊಲ್ಲೆ ಎಂದವರ ಹೆಸರಿನ ಆಟ

ಆಟದಲ್ಲಿ ರಾಜಕೀಯ ತರಬಾರದು ಎಂಬ ಉಪದೇಶವನ್ನು ನಾವು ಆಗಾಗ್ಗೆ ಕೇಳುತ್ತೇವೆ. ಹೇಳುವವರು ಯಾರೆಂದು ವಾಚಕರು ಒಂದಿಷ್ಟು ಗಮನಿಸಿ ನೋಡಬೇಕು. ಮೈದಾನ ಯಾರ ವಶದಲ್ಲಿದೆಯೋ ಅವರೇ ಸಾಮಾನ್ಯವಾಗಿ ಈ ಮಾತನ್ನು ಹೇಳುತ್ತಾರೆ. ಬೇಲಿಯ ಹೊರಗೆ ನಿಂತವನ ಬಾಯಲ್ಲಿ ಇದನ್ನು ನಾನಂತೂ ಕೇಳಿಲ್ಲ. ಗಿರಣಿಯಲ್ಲಿಯೂ ಹೀಗೆಯೇ ಅಲ್ಲವೆ? ಪಗಾರದ ಮಾತು ತೆಗೆದರೆ ‘ಇಲ್ಲಿ ರಾಜಕೀಯ ಬೇಡ’ ಎನ್ನುತ್ತಾರೆ. ಪಗಾರ ಕಡಿಮೆ ಮಾಡಿದಾಗ ಅದು ಮಾತ್ರ ರಾಜಕೀಯವಲ್ಲ, ವ್ಯವಹಾರ!

ಈ ವಾರ ಒಂದು ಕ್ರಿಕೆಟ್ ಬಟ್ಟಲಿನ ಕಥೆ ಹೇಳಬೇಕೆಂದಿದ್ದೇನೆ. ರಾಜಮಹಾರಾಜರ ಹೆಸರಿನ ಕಪ್ಪುಗಳ ಕಥೆ ಎಲ್ಲರಿಗೂ ಗೊತ್ತು. ಇದು ದಕ್ಷಿಣ ಆಫ್ರಿಕದ್ದು. ಅದರ ಹೆಸರು ಹೋವಾ ಬೌಲ್. ಬಿಳಿಯರಲ್ಲದವರು ತಮ್ಮಷ್ಟಕ್ಕೆ ಪ್ರಾಂತ್ಯ ಪ್ರಾಂತ್ಯಗಳ ನಡುವೆ ಆಡುತ್ತಿದ್ದ ಪಂದ್ಯಾವಳಿಯ ಬಹುಮಾನ ಅದು. ಬಿಳಿಯರೊಡನೆ ಸಮನಾಗಿ ಬಾಳಲು ಬಿಡುವ ತನಕ ಅವರೊಡನೆ ಆಡುವುದೂ ಇಲ್ಲ ಎಂದು ಹಟ ಹಿಡಿದ ಆಡಳಿತಗಾರ ಶ್ರೀ ಹಸನ್ ಹೋವಾ ಅವರ ಹೆಸರನ್ನು ಅದಕ್ಕೆ ಇಟ್ಟರು. 1990-91ರ ಋತುವಿನೊಡನೆ ಆ ಪಂದ್ಯಾವಳಿ ನಿಂತುಹೋಯಿತು. 1992ರಲ್ಲಿ ಹೋವಾ ತೀರಿಕೊಂಡರು. ಲೆಕ್ಕ ಹಾಕಿದರೆ ಅವರು ಬದುಕಿರುವಾಗಲೇ ಹೆಸರು ಇಟ್ಟಂತಾಯಿತು. ಬದುಕಿರುವ ಮುಖಂಡರ ಹೆಸರನ್ನು ಕಪ್ಪಿಗೂ ಕಟ್ಟಡಕ್ಕೂ ಇಡುವ ಚಾಳಿ ನನಗೆ ಹಿಡಿಸುವುದಿಲ್ಲ. ಆದರೆ ಆ ದೇಶದ ಇನ್ನೊಂದು ಕಪ್ಪಿನ ಪಕ್ಕದಲ್ಲಿಟ್ಟು ನೋಡಿದರೆ ಈ ತಪ್ಪನ್ನು ಮನ್ನಿಸಬಹುದೆನಿಸುತ್ತದೆ.

ಆ ಇನ್ನೊಂದು ಕಪ್ಪು ಕರಿ ಕಪ್. ಕರಿಯರದೆಂದು ತಿಳಿಯಬೇಡಿ. ಕರಿ ಎಂಬುದು ಅದನ್ನು ಕೊಟ್ಟ ದೊರೆಯ ಮನೆತನದ ಹೆಸರು. ಸರ್ ಡೊನಾಲ್ಡ್ ಕರಿ ಇಂಗ್ಲೆಂಡಿಗೂ ಆಫ್ರಿಕಕ್ಕೂ ನಡುವೆ ಹಡಗು ಓಡಿಸುತ್ತಿದ್ದ ಕಂಪನಿಯ ಧಣಿ. ಚಿನ್ನ, ವಜ್ರದ ಗಣಿಗಳು ಅಗೆಯುತ್ತಿದ್ದ ಕಾಲದಲ್ಲಿ ಜನರನ್ನೂ ಸಾಮಾನನ್ನೂ ಸಾಗಿಸಿ ಸಿರಿವಂತನಾದವನು. 1889-90ರಿಂದ ಅವನ ಕಪ್ಪಿಗಾಗಿ ಬಿಳಿಯರ ಪ್ರಾಂತ್ಯಗಳು ಹೋರಾಡಿದವು. ಕರಿಯನೊಬ್ಬ ಎಷ್ಟೇ ಚೆನ್ನಾಗಿ ಚೆಂಡೆಸೆದರೂ ಅದರಲ್ಲಿ ಅವನಿಗೆ ಸ್ಥಾನವಿಲ್ಲ. 1894ರಲ್ಲಿ ಕ್ರೋಮ್ ಹೆಂಡ್ರಿಕ್ಸ್ ಎಂಬ ವೇಗದ ಬೌಲರನನ್ನು ಇಂಗ್ಲೆಂಡಿಗೆ ಹೋಗುವ ತಂಡದಿಂದ ಚರ್ಮದ ಬಣ್ಣದ ಕಾರಣಕ್ಕೇ ಬಿಟ್ಟರು. 1889ರಿಂದ 1970ರವರೆಗೆ ದಕ್ಷಿಣ ಆಫ್ರಿಕ 172 ಟೆಸ್ಟ್ ಪಂದ್ಯ ಆಡಿತು. ಎಲ್ಲವೂ ಇಂಗ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ಮೂರೇ ದೇಶಗಳ ಮೇಲೆ. ಭಾರತದ ಮೇಲೆ ಒಂದೂ ಇಲ್ಲ, ಪಾಕಿಸ್ತಾನದ ಮೇಲೆ ಇಲ್ಲ, ವೆಸ್ಟ್ ಇಂಡೀಸ್ ಮೇಲೆ ಇಲ್ಲ. ಎಂಬತ್ತೊಂದು ವರ್ಷ ಈ ಆಟದಲ್ಲಿ ರಾಜಕೀಯ ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಗುವುದೋ ಅಳುವುದೋ ತಿಳಿಯದು.

ಇಷ್ಟಾದರೂ ಬಿಳಿಯರಲ್ಲದವರು ಕ್ರಿಕೆಟ್ ಬಿಟ್ಟಿರಲಿಲ್ಲ. ಕೇಪ್‌ಟೌನಿನ ಮಲಾಯಿಗಳು, ಮಿಶ್ರವರ್ಣದವರು, ಡರ್ಬನ್ನಿನ ಭಾರತೀಯರು, ಪೂರ್ವ ಪ್ರಾಂತ್ಯದ ಆಫ್ರಿಕನರು, ಎಲ್ಲರೂ ಆಡುತ್ತಿದ್ದರು. ಆದರೆ ಒಂದು ವಿಷಯವನ್ನು ಮುಚ್ಚಿಡಬಾರದು. ಇವರೂ ಮೊದಲು ತಮ್ಮ ತಮ್ಮ ಜಾತಿಯ ಸಂಘ ಕಟ್ಟಿಕೊಂಡೇ ಆಡಿದರು. ಯಜಮಾನ ಹಾಕಿದ ಗೆರೆಯನ್ನು ಆಳುಗಳೂ ಪಾಲಿಸುತ್ತಿದ್ದರು. 1947ರಲ್ಲಿ ಈ ಸಂಘಗಳು ಕೂಡಿ ದಕ್ಷಿಣ ಆಫ್ರಿಕ ಕ್ರಿಕೆಟ್ ನಿಯಂತ್ರಣ ಮಂಡಳಿ ಎಂದು ಕಟ್ಟಿಕೊಂಡವು. ಆಮೇಲೆಯೂ ಕೆಲವು ವರ್ಷ ಮಲಾಯಿಗಳ ಮೇಲೆ ಭಾರತೀಯರು, ಭಾರತೀಯರ ಮೇಲೆ ಆಫ್ರಿಕನರು ಎಂದೇ ಪಂದ್ಯಗಳು ನಡೆದವು.

ನಮ್ಮವರಿಗೆ ಇದು ಹೊಸ ಸಂಗತಿಯಲ್ಲ. ಮುಂಬಯಿಯಲ್ಲಿ ಹಿಂದೂ, ಮುಸ್ಲಿಂ, ಪಾರಸಿ, ಯುರೋಪಿಯನ್ ಎಂದು ಹಂಚಿಕೊಂಡು ಆಡುತ್ತಿದ್ದ ಪಂದ್ಯಾವಳಿ 1946ರವರೆಗೂ ನಡೆಯಿತು. ಹಿಂದೂಗಳ ಆ ತಂಡದ ಅತಿ ದೊಡ್ಡ ಬೌಲರ್ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ. ಚಮ್ಮಾರ ಕುಲದವರು. ಪುಣೆಯ ಕ್ಲಬ್ಬಿನಲ್ಲಿ ಪಿಚ್ಚು ನೋಡಿಕೊಳ್ಳುತ್ತ, ದೊರೆಗಳಿಗೆ ಚೆಂಡೆಸೆಯುತ್ತ ಆಟ ಕಲಿತವರು. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಅವರು ಚೆಂಡು ಮುಟ್ಟಿದರೆ ಮೈಲಿಗೆಯಿಲ್ಲ, ಚಹಾದ ಬಟ್ಟಲು ಮುಟ್ಟಿದರೆ ಮೈಲಿಗೆ! ತಂಡದ ನಾಯಕತ್ವವನ್ನಂತೂ ಆ ಪಂದ್ಯಾವಳಿಯಲ್ಲಿ ಅವರಿಗೆ ಪೂರ್ಣವಾಗಿ ಕೊಡಲೇ ಇಲ್ಲ. ದಕ್ಷಿಣ ಆಫ್ರಿಕದ ಬಿಳಿಯನನ್ನು ಬಯ್ಯುವಾಗ ನಮ್ಮ ಹೊಟೇಲುಗಳ ಬೇರೆ ಲೋಟವನ್ನು ಮರೆಯಬಾರದೆಂದು ಇಷ್ಟು ಹೇಳಿದೆ.

ಅಲ್ಲಿನವರು 1950ರ ದಶಕದ ಕೊನೆಗೆ ಈ ಕೊಳೆಯನ್ನು ತೊಳೆದುಕೊಂಡರು. ಜಾತಿಯ ತಂಡಗಳನ್ನು ಮುರಿದು, ಹುಟ್ಟು ಕೇಳದೆ ಪ್ರಾಂತ್ಯದ ತಂಡ ಕಟ್ಟುವುದೆಂದು ತೀರ್ಮಾನಿಸಿದರು. ಸರ್ಕಾರ ಪ್ರಜೆಗಳನ್ನು ಜನಾಂಗವಾರು ಪಟ್ಟಿಮಾಡಿ ಬೀದಿ ಬೀದಿಯಾಗಿ ಬೇರ್ಪಡಿಸುತ್ತಿದ್ದ ಕಾಲದಲ್ಲೇ ಇವರು ಪಟ್ಟಿ ಹರಿದರು. ಹೋವಾ ಬೌಲ್ ಹುಟ್ಟಿದ್ದು ಈ ಬುನಾದಿಯ ಮೇಲೆ.

ಅದೇ ಸಮಯದಲ್ಲಿ ಒಂದು ದೊಡ್ಡ ಚರ್ಚೆಯೂ ಎದ್ದಿತು. 1959ರಲ್ಲಿ ಫ್ರ್ಯಾಂಕ್ ವೊರೆಲ್ ಮುಂದಾಳುತನದಲ್ಲಿ ವೆಸ್ಟ್ ಇಂಡೀಸ್ ಆಟಗಾರರ ತಂಡವೊಂದು ಬಂದು ಬಿಳಿಯರಲ್ಲದವರ ಮೇಲೆ ಮಾತ್ರ ಆಡುವುದೆಂದು ಗೊತ್ತಾಗಿತ್ತು. ಹೋಗಲಿ, ಆ ಆಟಗಾರರನ್ನು ಜಗತ್ತು ನೋಡಲಿ ಎಂದರು ಸಿ. ಎಲ್. ಆರ್. ಜೇಮ್ಸ್. ಕೂಡದು, ಹೋದರೆ ವರ್ಣಭೇದವನ್ನು ಒಪ್ಪಿಕೊಂಡಂತೆ ಎಂದರು ಲಿಯರಿ ಕಾನ್‌ಸ್ಟಂಟೈನ್. ಇಬ್ಬರೂ ಟ್ರಿನಿಡಾಡಿನವರು, ಇಬ್ಬರೂ ಸ್ನೇಹಿತರು, ಇಬ್ಬರೂ ಕರಿಯರ ಬಿಡುಗಡೆಗಾಗಿ ಬದುಕು ಸವೆಸಿದವರು. ಕೊನೆಗೆ ಆ ಪ್ರವಾಸ ನಿಂತಿತು. ಆಡಬೇಕೆಂದು ಕಾದಿದ್ದ ತಂಡದ ನಾಯಕ ಯಾರು ಗೊತ್ತೆ? ಕೇಪ್‌ಟೌನಿನ ಒಂದು ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಬೇಸಿಲ್ ಡಿ’ಒಲಿವೆರಾ.

ಡಿ’ಒಲಿವೆರಾನ ಕಥೆಯನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಇದು ತಿಳಿಯದಿದ್ದರೆ ಹೋವಾ ಅವರ ಹಟ ಅರ್ಥವಾಗದು. ತಾಯ್ನಾಡಿನಲ್ಲಿ ಬಾಗಿಲು ಮುಚ್ಚಿದ ಮೇಲೆ 1960ರಲ್ಲಿ ಅವನು ಇಂಗ್ಲೆಂಡಿಗೆ ಹೊರಟ. ಹಡಗಿಗಲ್ಲ, ವಿಮಾನಕ್ಕೆ ದುಡ್ಡು ಬೇಕಿತ್ತು. ಊರಿನ ಜನ ಚಂದಾ ಎತ್ತಿ ಕೂಡಿಸಿದರು. ಅವನನ್ನು ಕೂಲಿಗೆ ಕರೆದದ್ದು ಲ್ಯಾಂಕಶೈರಿನ ಮಿಡಲ್‌ಟನ್ ಎಂಬ ಹತ್ತಿ ಗಿರಣಿಯ ಊರು. ಒಂದು ಋತುವಿಗೆ 450 ಪೌಂಡ್. ಗಿರಣಿ ಊರಿನ ಲೀಗಿನಲ್ಲಿ ಮೊದಲ ಕೆಲವು ವಾರ ತಡವರಿಸಿ, ಆಮೇಲೆ ನಿಂತು ಬಾರಿಸಿದ. 1966ರಲ್ಲಿ ಇಂಗ್ಲೆಂಡ್ ಪರ ಟೆಸ್ಟ್ ಆಡಿದ. 1968ರ ಓವಲ್ ಪಂದ್ಯದಲ್ಲಿ ಆಸ್ಟ್ರೇಲಿಯದ ಮೇಲೆ 158 ರನ್ನು ಹೊಡೆದ. ಆದರೂ ಆ ಚಳಿಗಾಲದ ದಕ್ಷಿಣ ಆಫ್ರಿಕ ಪ್ರವಾಸಕ್ಕೆ ಆರಿಸಿದ ತಂಡದಲ್ಲಿ ಅವನ ಹೆಸರಿರಲಿಲ್ಲ! ಗದ್ದಲವಾಯಿತು. ಕಾರ್ಟ್‌ರೈಟ್ ಎಂಬಾತ ಗಾಯದಿಂದ ಹಿಂದೆ ಸರಿದಾಗ ಅವನ ಜಾಗಕ್ಕೆ ಇವನನ್ನು ಸೇರಿಸಿದರು. ಪ್ರಧಾನಿ ಫೋರ್ಸ್ಟರ್ ಆ ತಂಡವನ್ನು ಬರಗೊಡಲಿಲ್ಲ, ಪ್ರವಾಸ ರದ್ದಾಯಿತು. 1970ರಲ್ಲಿ ಬಿಳಿಯರ ತಂಡ ಇಂಗ್ಲೆಂಡಿಗೆ ಹೋಗುವುದೂ ನಿಂತಿತು. ಬಹಿಷ್ಕಾರ ಬಿಗಿಯಾಯಿತು.

ಹೊಟ್ಟೆಗೆ ತಟ್ಟಿದಾಗ ಧಣಿ ಮಾತುಕತೆಗೆ ಬರುತ್ತಾನೆ. ಬಿಳಿಯರ ಸಂಘಕ್ಕೂ ಈಗ ಕರಿಯ ಆಟಗಾರರ ನೆನಪಾಯಿತು. 1971ರಲ್ಲಿ ಆಸ್ಟ್ರೇಲಿಯಕ್ಕೆ ಹೋಗುವ ತಂಡದಲ್ಲಿ ಬಿಳಿಯರಲ್ಲದ ಇಬ್ಬರನ್ನು ಸೇರಿಸಲು ಅನುಮತಿ ಕೊಡಿ ಎಂದು ಸರ್ಕಾರವನ್ನು ಕೇಳಿತು. ನಿಯಂತ್ರಣ ಮಂಡಳಿಯ ಮುಂದಾಳಾಗಿದ್ದ ಹೋವಾ, ಇದು ಬೇಡ ಎಂದರು. ಫೋರ್ಸ್ಟರನೂ ಬೇಡ ಎಂದ. ಇಬ್ಬರೂ ಒಂದೇ ಮಾತು ಆಡಿದರಲ್ಲ ಎಂದು ಆ ದಿನ ಕುಹಕವಾಡಿದವರು ಇದ್ದರು. ಆದರೆ ವ್ಯತ್ಯಾಸ ನೋಡಿ. ಒಬ್ಬನಿಗೆ ಇಬ್ಬರು ಕರಿಯರು ಹೆಚ್ಚಾದರು. ಇನ್ನೊಬ್ಬರು ಕೇಳಿದ್ದು, ಈ ‘ಇಬ್ಬರು’ ಎಂಬ ಲೆಕ್ಕ ಎಲ್ಲಿಂದ ಬಂತು? ಯೋಗ್ಯತೆಯಿಂದ ಆರಿಸುವುದಾದರೆ ಇಬ್ಬರೇ ಏಕೆ, ಐದು ಮಂದಿ ಇರಬಹುದು, ಒಬ್ಬನೂ ಇಲ್ಲದಿರಬಹುದು. ಮೊದಲೇ ಎಣಿಸಿಟ್ಟ ಇಬ್ಬರು ಆಟಗಾರರಲ್ಲ, ಪರದೇಶದವರಿಗೆ ತೋರಿಸಲು ಅಂಗಡಿಯ ಮುಂದೆ ನಿಲ್ಲಿಸುವ ಬೊಂಬೆಗಳು.

ಆ ಏಪ್ರಿಲಿನಲ್ಲಿ ಕೇಪ್‌ಟೌನಿನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಪ್ರಾಕ್ಟರ್, ಪೊಲಾಕ್ ಮೊದಲಾದ ಬಿಳಿಯ ಆಟಗಾರರು ಒಂದೇ ಒಂದು ಚೆಂಡು ಆಡಿ, ಯೋಗ್ಯತೆಯೇ ಆಯ್ಕೆಯ ಅಳತೆಯಾಗಲಿ ಎಂದು ಹೇಳಿಕೆ ಕೊಟ್ಟು ಹೊರನಡೆದರು. ಒಳ್ಳೆಯದೇ ಮಾಡಿದರು. ಸ್ವಲ್ಪ ಹೊತ್ತಿಗೆ ಹಿಂದಿರುಗಿ ಆಟ ಮುಂದುವರಿಸಿದರು ಎಂಬುದನ್ನೂ ಸೇರಿಸಿ ಹೇಳಬೇಕು.

ಇನ್ನು ಮುಖ್ಯ ಪರೀಕ್ಷೆ. 1976ರ ಜೂನ್ 16ರಂದು ಸೊವೆಟೊದಲ್ಲಿ ಶಾಲೆಯ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ನಾನು ಪಾಠ ಹೇಳಿಕೊಡುತ್ತಿದ್ದವನು, ಶಾಲೆಯ ಅಂಗಿ ತೊಟ್ಟ ಮಕ್ಕಳ ಹೆಣದ ಚಿತ್ರವನ್ನು ನೋಡಿ ಸುಮ್ಮನೆ ಪುಟ ತಿರುವಲು ನನ್ನಿಂದ ಆಗದು. ಅದೇ ವರ್ಷದ ಕೊನೆಗೆ ಬಿಳಿಯರ ಸಂಘ ‘ಸಹಜ ಕ್ರಿಕೆಟ್’ ಎಂಬ ಯೋಜನೆಯೊಡನೆ ಬಂತು. ಎಲ್ಲ ಬಣ್ಣದ ಕ್ಲಬ್ಬುಗಳೂ ಒಂದೇ ಲೀಗಿನಲ್ಲಿ ಆಡೋಣ, ಮೂರು ಸಂಘಗಳೂ ಒಂದಾಗೋಣ ಎಂಬುದು ಅದರ ತಿರುಳು. ನಿಯಂತ್ರಣ ಮಂಡಳಿಯಲ್ಲಿ ಆ ಹೊತ್ತಿಗೆ ರಶೀದ್ ವರಾಚಿಯಾ ಅಧ್ಯಕ್ಷರಾಗಿದ್ದರು. ಅವರು ಒಪ್ಪಿದರು. 1977ರಲ್ಲಿ ಮೂರೂ ಕೂಡಿ ಹೊಸ ಒಕ್ಕೂಟವಾಯಿತು, ವರಾಚಿಯಾ ಅವರೇ ಅದರ ಅಧ್ಯಕ್ಷರಾದರು.

ಹೋವಾ ಒಪ್ಪಲಿಲ್ಲ. ತಮ್ಮ ಜೊತೆ ಉಳಿದವರನ್ನು ಕೂಡಿಸಿ ಬೇರೊಂದು ಕ್ರಿಕೆಟ್ ಮಂಡಳಿ ಕಟ್ಟಿದರು. ಅವರ ವಾದ ಸರಳ. ಶನಿವಾರ ಮಧ್ಯಾಹ್ನ ಒಂದೇ ಮೈದಾನದಲ್ಲಿ ಆಡಬಹುದು, ಸರಿ. ಸಂಜೆ? ಬಿಳಿಯ ಜೊತೆಗಾರ ತನ್ನ ಬೀದಿಗೆ, ಇವನು ಊರಾಚೆಯ ತನ್ನ ವಸತಿಗೆ. ಮಕ್ಕಳಿಗೆ ಬೇರೆ ಶಾಲೆ. ಆಫ್ರಿಕನನಾದರೆ ಕಿಸೆಯಲ್ಲಿ ಪಾಸ್ ಪುಸ್ತಕ. ಓಟು ಇಲ್ಲವೇ ಇಲ್ಲ. ಇಂಥ ಶನಿವಾರಗಳ ಚಿತ್ರ ತೆಗೆದು ಲಂಡನ್ನಿಗೆ ಕಳಿಸಿದರೆ ಬಹಿಷ್ಕಾರ ಮುಗಿಯಿತು, ಕಾನೂನು ಹಾಗೇ ಉಳಿಯಿತು. ‘ಅಸಹಜ ಸಮಾಜದಲ್ಲಿ ಸಹಜ ಆಟವಿಲ್ಲ’ ಎಂಬ ಘೋಷಣೆ ಅವರ ಹೆಸರಿನೊಡನೆ ಅಂಟಿಕೊಂಡದ್ದು ಹೀಗೆ. ಎಲ್ಲ ಆಟಗಳ ವರ್ಣಭೇದವಿಲ್ಲದ ಸಂಘಗಳು 1973ರಲ್ಲಿ ಕಟ್ಟಿದ ಕ್ರೀಡಾ ಪರಿಷತ್ತಿಗೂ ಅವರು ಅಧ್ಯಕ್ಷರಾದರು.

ವರಾಚಿಯಾ ದ್ರೋಹಿ ಎಂದು ನಾನು ಬರೆಯಲಾರೆ. ಮುಚ್ಚಿದ ಬಾಗಿಲು ಒಂದು ಬೆರಳಷ್ಟು ತೆರೆದಾಗ ಕಾಲು ಇಟ್ಟು ನೋಡೋಣ ಎನ್ನುವವರು ಪ್ರತಿ ಯೂನಿಯನ್ನಿನಲ್ಲಿಯೂ ಇರುತ್ತಾರೆ, ಅವರಲ್ಲಿ ಬಹಳ ಮಂದಿ ಪ್ರಾಮಾಣಿಕರು. ಆದರೆ ಆ ಬಾಗಿಲಿನ ಆಚೆ ಏನಾಯಿತು? ಜಗತ್ತು ಒಪ್ಪದಿದ್ದಾಗ ಹೊಸ ಒಕ್ಕೂಟ ಹಣದ ಚೀಲ ಬಿಚ್ಚಿತು. 1982ರಿಂದ ಇಂಗ್ಲೆಂಡ್, ಶ್ರೀಲಂಕ, ವೆಸ್ಟ್ ಇಂಡೀಸ್, ಆಸ್ಟ್ರೇಲಿಯದ ಆಟಗಾರರನ್ನು ಕೊಂಡು ತಂದು ಕಳ್ಳ ಪ್ರವಾಸಗಳನ್ನು ನಡೆಸಿತು. ಕಂಪನಿಗಳು ದುಡ್ಡು ಸುರಿದವು, ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಬೆರಳಷ್ಟು ತೆರೆದ ಬಾಗಿಲಿನಿಂದ ಒಳಗೆ ಹೋದದ್ದು ಇದು. ಹೋವಾ ಅವರ ಅಂದಾಜು ಸರಿಯಾಗಿತ್ತು.

ಈ ವರ್ಷಗಳಲ್ಲಿ ಆಡಿದ ಆಟ ಹೇಗಿತ್ತು? ಪಂದ್ಯಾವಳಿಗೆ ಮೊದಲು ದಾದಾಭಾಯಿ ಹೆಸರಿತ್ತು. 1970ರ ದಶಕದ ಮೊದಲಲ್ಲಿ ಅದು ಮೂರು ದಿನದ ಪಂದ್ಯಗಳಾಗಿ ಬೆಳೆಯಿತು, ಮುಂದೆ ಹೋವಾ ಬೌಲ್ ಎಂದಾಯಿತು. ವೆಸ್ಟರ್ನ್ ಪ್ರಾವಿನ್ಸ್, ಈಸ್ಟರ್ನ್ ಪ್ರಾವಿನ್ಸ್, ನಟಾಲ್, ಟ್ರಾನ್ಸ್‌ವಾಲ್ ಇವೇ ಮುಖ್ಯ ತಂಡಗಳು. ಅವುಗಳಲ್ಲಿ ವೆಸ್ಟರ್ನ್ ಪ್ರಾವಿನ್ಸಿನದೇ ಮೇಲುಗೈ. ಟೆಸ್ಟ್ ನಡೆಯುವ ಹುಲ್ಲುಹಾಸಿನ ಮೈದಾನಗಳು ಬಿಳಿಯರ ಕೈಯಲ್ಲಿ. ಇವರಿಗೆ ಉಳಿದದ್ದು ಪುರಸಭೆಯ ಬಯಲು, ಒಪ್ಪವಿಲ್ಲದ ಪಿಚ್ಚು. ಚೆಂಡು ಒಮ್ಮೆ ಕಾಲಿಗೆ, ಒಮ್ಮೆ ಮೂಗಿಗೆ. ಆದ್ದರಿಂದ ಆ ಪಂದ್ಯಗಳ ಅಂಕಪಟ್ಟಿಯಲ್ಲಿ ದೊಡ್ಡ ಮೊತ್ತಗಳು ವಿರಳ. ಅಲ್ಲಿ ಹೊಡೆದ ಐವತ್ತು ರನ್ನಿನ ಬೆಲೆಯನ್ನು ಆಡಿದವನೇ ಬಲ್ಲ. ಆಟವೇ ಹೊಟ್ಟೆಪಾಡಾಗುವ ಮಾತು ಅಲ್ಲಿರಲಿಲ್ಲ. ದುಡಿದು ಉಳಿದ ಹೊತ್ತಿನಲ್ಲಿ ಆಡಬೇಕು.

ನಮ್ಮ ವರ್ತಕ ವಾಚಕರಿಗೆ ಇದರಲ್ಲಿ ಒಂದು ಸಂಗತಿ ಹತ್ತಿರದ್ದಾಗಿ ಕಾಣಬಹುದು. 1950ರ ವಸತಿ ಪ್ರದೇಶಗಳ ಕಾನೂನು ಬರೀ ಮನೆಗಳನ್ನು ಒಡೆಯಲಿಲ್ಲ, ಅಂಗಡಿಗಳನ್ನೂ ಒಡೆಯಿತು. ಜೊಹಾನ್ಸ್‌ಬರ್ಗಿನ ಪೇಜ್‌ವ್ಯೂ ಎಂಬ ಪೇಟೆಯಲ್ಲಿ ತಲೆಮಾರುಗಳಿಂದ ಬಟ್ಟೆ, ಕಿರಾಣಿ ಮಾರುತ್ತಿದ್ದ ಭಾರತೀಯರನ್ನು 1970ರ ದಶಕದಲ್ಲಿ ಎಬ್ಬಿಸಿ, ಓರಿಯೆಂಟಲ್ ಪ್ಲಾಜಾ ಎಂಬ ಸರ್ಕಾರಿ ಕಟ್ಟಡಕ್ಕೆ ದೂಡಿದರು. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ದುಡಿಯುವವರ ಕೇರಿಯನ್ನು 1966ರಲ್ಲಿ ಬಿಳಿಯರದೆಂದು ಸಾರಿ ನೆಲಸಮ ಮಾಡಿದರು. ಬೀದಿ ಹೋದ ಮೇಲೆ ಬೀದಿಯ ಕ್ಲಬ್ಬು ಉಳಿಯುತ್ತದೆಯೆ? ನೆರೆಯವರು ಒಂದೊಂದು ದಿಕ್ಕಿಗೆ ಚದುರಿದರು. ಹಾಗಿದ್ದೂ ಪಂದ್ಯಾವಳಿಯನ್ನು ವರ್ಷ ವರ್ಷವೂ ನಡೆಸಿದರಲ್ಲ, ಅದು ಹೋವಾ ಒಬ್ಬರ ಸಾಧನೆಯಲ್ಲ. ಅಂಕ ಬರೆದವರು, ಚಹಾ ಕಾಸಿದ ಹೆಂಗಸರು, ಪಿಚ್ಚಿಗೆ ರೋಲರ್ ಎಳೆದವರು, ಇವರೆಲ್ಲ ಸೇರಿ ನಡೆಸಿದ್ದು. ಬಟ್ಟಲಿನ ಮೇಲೆ ಇವರ ಹೆಸರಿಲ್ಲ.

ಇಲ್ಲಿಯೇ ನನ್ನ ಅಸಮಾಧಾನವನ್ನೂ ಹೇಳಿಬಿಡಬೇಕು. ಮುಷ್ಕರ ಸಾರುವುದು ಮುಖಂಡನ ಕೆಲಸ, ಹಸಿಯುವುದು ಕೂಲಿಯವನ ಮನೆ. ಹೋವಾ ‘ಬೇಡ’ ಎಂದರು, ಅದರ ಬೆಲೆ ತೆತ್ತದ್ದು ಆಟಗಾರರು. ಕ್ರೀಡಾ ಪರಿಷತ್ತಿನ ಕಟ್ಟಳೆ ಬಹು ಬಿಗಿಯಾಗಿತ್ತು. ಒಕ್ಕೂಟದ ಕಡೆ ಒಮ್ಮೆ ಆಡಿದವನಿಗೆ ಈ ಕಡೆ ಜಾಗವಿಲ್ಲ. ಓಮರ್ ಹೆನ್ರಿ ಎಂಬ ಎಡಗೈ ಸ್ಪಿನ್ನರ್ 1970ರ ದಶಕದಲ್ಲಿ ಆ ಕಡೆಗೆ ಹೋದ. ತನ್ನ ಕೇರಿಯವರಿಂದಲೇ ‘ಮಾರಿಕೊಂಡವನು’ ಎನಿಸಿಕೊಂಡ. ಸಂಘಟನೆಗೆ ಶಿಸ್ತು ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತೈದರ ಹುಡುಗನಿಗೆ ಹತ್ತು ವರ್ಷ ಕಾಯಿ ಎಂದರೆ ಅವನ ಆಟವೇ ಮುಗಿಯಿತು. ಅಧ್ಯಕ್ಷರಿಗೆ ಹತ್ತು ವರ್ಷ ಹೋದರೂ ಅಧ್ಯಕ್ಷ ಪದವಿ ಇರುತ್ತದೆ. ಈ ವ್ಯತ್ಯಾಸವನ್ನು ಹೋವಾ ಪಕ್ಷದವರು ಸಾಕಷ್ಟು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ ಎಂದೇ ನನ್ನ ಭಾವನೆ.

ನಮ್ಮ ದೇಶವೂ ಒಮ್ಮೆ ಇಂಥ ಬೆಲೆ ತೆತ್ತಿದೆ. 1974ರ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಪಂದ್ಯ ದಕ್ಷಿಣ ಆಫ್ರಿಕದ ಮೇಲೆ ಬಂತು. ಭಾರತ ಆಡಲಿಲ್ಲ, ಕಪ್ಪು ಎದುರಾಳಿಗೆ ಹೋಯಿತು. ಅಮೃತರಾಜ್ ಸಹೋದರರು ಗೆಲ್ಲುವ ಅವಕಾಶವನ್ನೇ ಬಿಟ್ಟುಕೊಟ್ಟರು. ಸರ್ಕಾರದ ನಿರ್ಧಾರವನ್ನು ಹೊಗಳುವವರು ಆ ಇಬ್ಬರನ್ನೂ ಅಷ್ಟೇ ನೆನೆಯಬೇಕು.

ಮುಂದಿನದು ಬೇಗ ನಡೆಯಿತು. 1990ರ ಜನವರಿಯಲ್ಲಿ ಗ್ಯಾಟಿಂಗನ ಇಂಗ್ಲಿಷ್ ತಂಡ ಕಳ್ಳ ಪ್ರವಾಸಕ್ಕೆ ಬಂದಾಗ ಜನ ಬೀದಿಗಿಳಿದರು, ಪ್ರವಾಸ ಅರ್ಧಕ್ಕೆ ಮುರಿಯಿತು. ಫೆಬ್ರವರಿಯಲ್ಲಿ ಮಂಡೇಲಾ ಹೊರಬಂದರು. 1991ರ ಜೂನಿನಲ್ಲಿ ಎರಡು ಕ್ರಿಕೆಟ್ ಸಂಸ್ಥೆಗಳೂ ಕೂಡಿ ಒಂದಾದವು. ಬೇರೆ ಪಂದ್ಯಾವಳಿಯ ಅಗತ್ಯ ತೀರಿತು, ಹೋವಾ ಬೌಲ್ ಕಪಾಟು ಸೇರಿತು. ಬಿಳಿಯರ ಪಂದ್ಯಾವಳಿ ಮಾತ್ರ ಕಂಪನಿಗಳ ಹೆಸರು ಹೊತ್ತು ಮುಂದುವರಿಯಿತು, ಅದೇ ದೇಶದ ಪಂದ್ಯಾವಳಿಯಾಯಿತು. ಒಂದಾದರು ಎನ್ನುತ್ತೇವೆ. ಸಣ್ಣ ಅಂಗಡಿ ದೊಡ್ಡ ಅಂಗಡಿಯೊಡನೆ ‘ಒಂದಾದರೆ’ ಯಾರ ಬೋರ್ಡು ಉಳಿಯುತ್ತದೆಂದು ವ್ಯಾಪಾರ ಮಾಡಿದವರಿಗೆ ಹೇಳಬೇಕಾಗಿಲ್ಲ. ಆ ನವೆಂಬರಿನಲ್ಲಿ ದಕ್ಷಿಣ ಆಫ್ರಿಕ ಕಲ್ಕತ್ತೆಗೆ ಬಂದು ಭಾರತದ ಮೇಲೆ ಆಡಿದಾಗ ಕಣಕ್ಕಿಳಿದ ಹನ್ನೊಂದು ಮಂದಿಯೂ ಬಿಳಿಯರೇ.

ಮರುವರ್ಷ ಡರ್ಬನ್ನಿನಲ್ಲಿ ಭಾರತದ ಮೇಲೆ ನಡೆದ ಟೆಸ್ಟಿನಲ್ಲಿ ಓಮರ್ ಹೆನ್ರಿ ಆಡಿದ. ಆಗ ಅವನಿಗೆ ನಲವತ್ತು ವರ್ಷ. ಆಫ್ರಿಕನ್ ಕರಿಯನೊಬ್ಬ, ಮಖಾಯಾ ಎನ್‌ಟಿನಿ, ಟೆಸ್ಟ್ ಆಡಲು 1998 ಬರಬೇಕಾಯಿತು. ತಂಡದೊಳಗೆ ಸೇರಿದ ಮೇಲೂ ಪಟ್ಟ ಅವಮಾನಗಳನ್ನು ಕರಿಯ ಆಟಗಾರರು 2021ರ ವಿಚಾರಣೆಯಲ್ಲಿ ಒಬ್ಬೊಬ್ಬರಾಗಿ ಬಂದು ಹೇಳಿದರು. 2025ರ ಜೂನಿನಲ್ಲಿ ಕೇಪ್‌ಟೌನಿನ ಲಂಗಾ ಕೇರಿಯ ಟೆಂಬಾ ಬವುಮಾ ನಾಯಕನಾಗಿ ಲಾರ್ಡ್ಸ್ ಮೈದಾನದಲ್ಲಿ ವಿಶ್ವ ಟೆಸ್ಟ್ ಗದೆಯನ್ನು ಎತ್ತಿ ಹಿಡಿದ. ಹೋವಾ ಕಾಣದೆ ಹೋದ ನೋಟ ಅದು.

ಕ್ರಿಕೆಟ್ ಪುಸ್ತಕಗಳು ಬಹಿಷ್ಕಾರದ ನಷ್ಟವನ್ನು ಲೆಕ್ಕ ಹಾಕುವಾಗ ಬ್ಯಾರಿ ರಿಚರ್ಡ್ಸನಿಗೆ ನಾಲ್ಕೇ ಟೆಸ್ಟ್ ದೊರೆತವು, ಪ್ರಾಕ್ಟರನಿಗೆ ಏಳೇ ದೊರೆತವು ಎಂದು ಮರುಗುತ್ತವೆ. ಮರುಗಲಿ, ಇಬ್ಬರೂ ದೊಡ್ಡ ಆಟಗಾರರು. ಹೋವಾ ಬೌಲಿನ ಪಂದ್ಯಗಳಿಗೆ ಪ್ರಥಮ ದರ್ಜೆಯ ಮಾನ್ಯತೆ ದೊರೆತದ್ದು ತಡವಾಗಿ. ಆಮೇಲೆ ಆ ಹಳೆಯ ಅಂಕಪಟ್ಟಿಗಳನ್ನು ಕೂಡಿಸಿ ನೋಡಿದವರಿಗೆ ವೆಸ್ಟರ್ನ್ ಪ್ರಾವಿನ್ಸಿನ ವಿನ್ಸೆಂಟ್ ಬಾರ್ನ್ಸ್ ಎಂಬ ಬೌಲರನ ಹೆಸರಿನಲ್ಲಿ 300ಕ್ಕೂ ಹೆಚ್ಚು ವಿಕೆಟ್ ಸಿಕ್ಕವು, ಒಂದೊಂದಕ್ಕೆ 12 ರನ್ನಿಗಿಂತ ಕಡಿಮೆಯ ಸರಾಸರಿಯಲ್ಲಿ. ಬಾರ್ನ್ಸನಿಗೆ ದೊರೆತ ಟೆಸ್ಟ್ ಒಂದೂ ಇಲ್ಲ. ಮುಂದೆ ದೇಶದ ತಂಡ ಅವನನ್ನು ಬೌಲಿಂಗ್ ಕಲಿಸಲು ಇಟ್ಟುಕೊಂಡಿತು, ಎನ್‌ಟಿನಿಯಂಥವರ ಕೈಗೆ ಚೆಂಡು ಕೊಟ್ಟು ಅವನು ವರ್ಷಗಟ್ಟಲೆ ಬೌಂಡರಿಯ ಹೊರಗೆ ನಿಂತು ನೋಡಿದ.